ಉದುರುವ ಕೂದಲು ಮತ್ತು ಮೂರು ತಿಂಗಳ ಲೆಕ್ಕ

ಸಂಘದ ರಾಜ್ಯೋತ್ಸವವಿರಲಿ, ಯುಗಾದಿಯ ಕೂಟವಿರಲಿ, ಊಟದ ಪಂಕ್ತಿ ಮುಗಿದ ಮೇಲೆ ಹೆಂಗಸರು ಗುಂಪಾಗಿ ಕುಳಿತ ಕಡೆಯಿಂದ ಒಂದು ಮಾತು ಕೇಳಿಬರದೆ ಇರುವುದಿಲ್ಲ. “ಈ ದೆಹಲಿ ನೀರು ತಲೆಗೆ ಆಗೋದೇ ಇಲ್ಲ ಕಣ್ರೀ. ಊರಲ್ಲಿದ್ದಾಗ ಜಡೆ ಇಷ್ಟು ದಪ್ಪ ಇತ್ತು. ಬಂದು ಎರಡು ತಿಂಗಳಾಗಿಲ್ಲ, ಬಾಚಣಿಗೆ ತುಂಬಾ ಕೂದಲು!” ಹಿಂದೆ ವರ್ಗವಾಗಿ ಹೈದರಾಬಾದಿನಲ್ಲಿದ್ದಾಗಲೂ ನಾವು ಇದೇ ಮಾತನ್ನು ಕೇಳಿದ್ದೆವು, ಅಲ್ಲಿ ಅಪರಾಧಿ ಹೈದರಾಬಾದಿನ ನೀರು. ಪುಣೆಯ ನಂಟರ ಮನೆಗೆ ಹೋದರೆ ಪುಣೆಯ ನೀರು. ಯಾವ ನಗರದ ನೀರೂ ಕನ್ನಡ ಹೆಂಗಸರ ಕೂದಲಿಗೆ ಒಗ್ಗದೆಂದಾದರೆ, ತಪ್ಪು ನೀರಿನದೋ ಅಥವಾ ನಮ್ಮ ಲೆಕ್ಕದ್ದೋ ಎಂಬ ಅನುಮಾನ ನಮಗೆ ಬಂದಿತು. ಆ ಅನುಮಾನದ ಬೆನ್ನು ಹತ್ತಿ ಹೋದಾಗ ಕಂಡ ಇತಿಹಾಸವನ್ನು ಓದುಗರ ಮುಂದಿಡುತ್ತಿದ್ದೇವೆ.

ಕೂದಲು ತಾನೇ ಎಂದು ಗಂಡಸರು ನಗಬಹುದು. ಆದರೆ ಹೆಣ್ಣಿನ ಮುಡಿ ನಮ್ಮಲ್ಲಿ ಎಂದೂ ಬರಿಯ ಕೂದಲಾಗಿರಲಿಲ್ಲ. ದ್ರೌಪದಿಯ ಬಿಚ್ಚಿದ ಮುಡಿಯ ಸುತ್ತ ಒಂದು ಮಹಾಯುದ್ಧದ ಕಥೆಯೇ ಬೆಳೆಯಿತು. ಗಂಡ ಸತ್ತವಳ ತಲೆ ಬೋಳಿಸುವ ಕ್ರೂರ ಪದ್ಧತಿಯನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ಅಜ್ಜಿಯರ ಕಾಲದವರೆಗೂ ಇದ್ದರು. ಇಂಥ ಸಮಾಜದಲ್ಲಿ ಬೆಳೆದ ಹೆಣ್ಣಿಗೆ ಬಚ್ಚಲಿನ ಜಾಲರಿಯಲ್ಲಿ ಸಿಕ್ಕಿಕೊಂಡ ಕೂದಲಿನ ಉಂಡೆಯನ್ನು ಕಂಡರೆ ಎದೆ ಧಸಕ್ಕೆನ್ನುವುದು ಆಶ್ಚರ್ಯವಲ್ಲ.

ಈ ಭಯ ಎಷ್ಟು ಹಳೆಯದೆಂದರೆ, ಕೂದಲಿಗೆ ಬರೆದ ಅತಿ ಪ್ರಾಚೀನ ಮದ್ದುಗಳಲ್ಲಿ ಒಂದು ಹೆಂಗಸಿಗಾಗಿಯೇ ಮಾಡಿದ್ದು. ಕ್ರಿಸ್ತಪೂರ್ವ ಸುಮಾರು 1550ರಲ್ಲಿ ಬರೆದ, ಈಗ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿರುವ ಎಬರ್ಸ್ ಪಪೈರಸ್ ಎಂಬ ಈಜಿಪ್ಟಿನ ವೈದ್ಯ ಸುರುಳಿಯಲ್ಲಿ, ತೇತಿ ಎಂಬ ರಾಜನ ತಾಯಿ ಶೇಷ್ ಎಂಬವಳಿಗಾಗಿ ತಯಾರಿಸಿದ್ದೆಂದು ಹೇಳುವ ಮದ್ದಿದೆ. ನಾಯಿಯ ಕಾಲು, ಖರ್ಜೂರದ ಬೀಜ, ಕತ್ತೆಯ ಗೊರಸು, ಇವನ್ನು ಎಣ್ಣೆಯಲ್ಲಿ ಕುದಿಸಿ ತಲೆಗೆ ತಿಕ್ಕಬೇಕು. ಅದೇ ಸುರುಳಿಯಲ್ಲಿ ಸಿಂಹ, ನೀರಾನೆ, ಮೊಸಳೆ, ಹಾವುಗಳ ಕೊಬ್ಬನ್ನು ಬೆರೆಸುವ ಇನ್ನೊಂದು ಮದ್ದೂ ಉಂಟು. ರಾಜಮಾತೆಗೆ ಇವುಗಳಿಂದ ಗುಣವಾಯಿತೋ ಇಲ್ಲವೋ, ಮದ್ದು ಮಾತ್ರ ಶತಮಾನಗಳನ್ನು ದಾಟಿ ಉಳಿಯಿತು. ಹೇಗೆ ಉಳಿಯಿತು ಎಂಬುದೇ ಈ ಲೇಖನದ ಮುಖ್ಯ ಪ್ರಶ್ನೆ.

ನಮ್ಮ ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ‘ಇಂದ್ರಲುಪ್ತ’ ಎಂಬ ಹೆಸರಿನಿಂದ ಕೂದಲುದುರುವ ರೋಗದ ವಿವರಣೆ ಬರುತ್ತದೆ. ವಾತದೊಡನೆ ಸೇರಿದ ಪಿತ್ತವು ಕೂದಲಿನ ಬುಡಕ್ಕೆ ಹೋಗಿ ಕೂದಲನ್ನು ಉದುರಿಸುತ್ತದೆ. ತರುವಾಯ ರಕ್ತದೊಡನೆ ಸೇರಿದ ಕಫವು ಆ ಗುಳಿಗಳನ್ನು ಮುಚ್ಚಿಬಿಡುವುದರಿಂದ ಹೊಸದು ಹುಟ್ಟುವುದಿಲ್ಲ ಎಂಬುದು ಅದರ ಸಾರ. ವಾತ, ಪಿತ್ತಗಳ ಮಾತು ಹಾಗಿರಲಿ. ಉದುರುವುದು ಒಂದು ಘಟನೆ, ಮತ್ತೆ ಬಾರದಿರುವುದು ಇನ್ನೊಂದು ಘಟನೆ ಎಂದು ಬೇರ್ಪಡಿಸಿ ನೋಡಿದ ಆ ಕಣ್ಣು ಮೆಚ್ಚತಕ್ಕದ್ದು. ಈ ಭೇದವನ್ನು ಮರೆತದ್ದರಿಂದಲೇ ಮುಂದಿನ ಗೊಂದಲವೆಲ್ಲ ಹುಟ್ಟಿತು.

ಆದರೆ ಹೆಂಗಸರ ವಿಷಯದಲ್ಲಿ ಪ್ರಾಚೀನರು ಒಂದು ತಪ್ಪು ಮಾಡಿದರು. ಹಳೆಯ ವ್ಯಾಖ್ಯಾನಕಾರರು ವಿದೇಹನ ಹೆಸರಿನಲ್ಲಿ ಹೇಳುವ ಮತವೊಂದರ ಪ್ರಕಾರ, ಸ್ತ್ರೀಯರು ಸುಕುಮಾರ ದೇಹದವರು, ತಿಂಗಳು ತಿಂಗಳೂ ಅವರ ರಕ್ತ ಶುದ್ಧಿಯಾಗುತ್ತದೆ, ಆದ್ದರಿಂದ ಅವರ ತಲೆ ಬೋಳಾಗುವುದಿಲ್ಲ. ಅತ್ತ ಗ್ರೀಸಿನಲ್ಲಿ ಅರಿಸ್ಟಾಟಲನೂ ಹೆಂಗಸರಿಗೆ ಬೋಳುತಲೆ ಬರುವುದಿಲ್ಲವೆಂದೇ ಬರೆದ. ಶಾಸ್ತ್ರವೇ ಇಲ್ಲವೆಂದ ಮೇಲೆ ಹೆಂಗಸಿನ ದೂರನ್ನು ಕೇಳುವವರು ಯಾರು? ಈ ಅಲಕ್ಷ್ಯ ಬಹಳ ದೂರ ನಡೆದು ಬಂತು. ಗಂಡಸರ ಬೋಳುತಲೆಯ ಹಂತಗಳನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲೇ ವರ್ಗೀಕರಿಸಿದ. ಹೆಂಗಸರದು ಬೇರೆ ಬಗೆ, ಮುಂದಲೆಯ ಗೆರೆ ಹಾಗೆಯೇ ಉಳಿದು ನೆತ್ತಿಯ ಬೈತಲೆ ಅಗಲವಾಗುತ್ತ ಹೋಗುತ್ತದೆ ಎಂದು ಜರ್ಮನಿಯ ಎರಿಕ್ ಲುಡ್ವಿಗ್ ಮೂರು ಹಂತಗಳಲ್ಲಿ ವಿವರಿಸಿದ್ದು 1977ರಲ್ಲಿ. ನಡುವೆ 26 ವರ್ಷಗಳ ಅಂತರ!

ವೈದ್ಯರು ಬಿಟ್ಟ ಜಾಗಕ್ಕೆ ವ್ಯಾಪಾರಿಗಳು ಬಂದರು. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸದರ್ಲೆಂಡ್ ಮನೆತನದ ಏಳು ಜನ ಅಕ್ಕತಂಗಿಯರು ಸರ್ಕಸ್ಸಿನಲ್ಲಿ ಹಾಡಿ, ಕೊನೆಯಲ್ಲಿ ಬೆನ್ನು ತಿರುಗಿಸಿ ನೆಲ ಮುಟ್ಟುವ ಕೂದಲನ್ನು ಬಿಚ್ಚಿ ತೋರಿಸುತ್ತಿದ್ದರು. ಏಳು ಮಂದಿಯ ಕೂದಲಿನ ಒಟ್ಟು ಉದ್ದ 37 ಅಡಿ ಎಂದು ಪ್ರಚಾರ. ಅವರ ಹೆಸರಿನ ಕೂದಲು ಬೆಳೆಸುವ ದ್ರವ ಲಕ್ಷಾಂತರ ಬಾಟಲಿ ಮಾರಾಟವಾಯಿತು. 1920ರ ದಶಕದಲ್ಲಿ ಕೂದಲು ಕತ್ತರಿಸಿಕೊಳ್ಳುವ ಫ್ಯಾಷನ್ ಬಂದದ್ದೇ ತಡ, ವ್ಯಾಪಾರವೂ ಕತ್ತರಿಸಿ ಬಿತ್ತು.

ನಮ್ಮ ದೇಶವೇನೂ ಹಿಂದೆ ಬೀಳಲಿಲ್ಲ. ಕಲ್ಕತ್ತೆಯಲ್ಲಿ ಹೇಮೇಂದ್ರಮೋಹನ ಬೋಸ್ ಎಂಬ ಉದ್ಯಮಿ ‘ಕುಂತಲೀನ್’ ಎಂಬ ಕೂದಲೆಣ್ಣೆಯನ್ನು ಮಾರುತ್ತಿದ್ದರು. ಅದರ ಪ್ರಚಾರಕ್ಕಾಗಿ ಅವರು ಏರ್ಪಡಿಸಿದ ಕಥಾಸ್ಪರ್ಧೆಯಲ್ಲಿ 1896ರಲ್ಲಿ ಬಹುಮಾನ ಪಡೆದ ಕಥೆಯನ್ನು ಬರೆದವರು ಯಾರೆಂದು ಬಲ್ಲಿರಾ? ವಿಜ್ಞಾನಿ ಜಗದೀಶಚಂದ್ರ ಬೋಸರು! ಕಥಾನಾಯಕ ದೀರ್ಘ ಜ್ವರದಿಂದ ಎದ್ದವನು. ತಲೆಗೂದಲೆಲ್ಲ ಉದುರಿ ಅಲ್ಲೊಂದು ಇಲ್ಲೊಂದು ದ್ವೀಪದಂತೆ ಉಳಿದಿದೆ. ವೈದ್ಯರ ಸಲಹೆಯಂತೆ ಸಮುದ್ರಯಾನಕ್ಕೆ ಹೊರಟವನ ಚೀಲದಲ್ಲಿ ಪುಟ್ಟ ಮಗಳು ಒಂದು ಬಾಟಲಿ ಕೂದಲೆಣ್ಣೆ ಇಟ್ಟಿರುತ್ತಾಳೆ. ಚಂಡಮಾರುತ ಬಂದಾಗ ಆತ ಅದನ್ನು ಸಮುದ್ರಕ್ಕೆ ಸುರಿಯುತ್ತಾನೆ, ಅಲೆಗಳು ಅಡಗುತ್ತವೆ. ಕಥೆ ವಿನೋದದ್ದು. ಆದರೆ ಜ್ವರದ ನಂತರ ಕೂದಲು ಉದುರುತ್ತದೆಂಬ ಸಂಗತಿ ಆಗಿನ ಮನೆಮನೆಗೂ ತಿಳಿದಿತ್ತೆಂಬುದಕ್ಕೆ ಅದು ಸಾಕ್ಷಿ. ತಿಳಿಯದಿದ್ದುದು ಕಾರಣ ಮಾತ್ರ.

ಆ ಕಾರಣ ಬಿಡಿಸಿಕೊಂಡದ್ದು ಮೆಲ್ಲಮೆಲ್ಲಗೆ. ಇಲಿಯ ತುಪ್ಪುಳನ್ನು ಅಭ್ಯಾಸ ಮಾಡಿದ ಡ್ರೈ ಎಂಬ ವಿಜ್ಞಾನಿ 1926ರಲ್ಲಿ ಕೂದಲಿನ ಬಾಳಿಗೆ ಮೂರು ಹಂತಗಳ ಹೆಸರು ಕೊಟ್ಟ: ಬೆಳವಣಿಗೆಯ ಅನಾಜೆನ್, ಮಾರ್ಪಾಟಿನ ಕ್ಯಾಟಜೆನ್, ವಿಶ್ರಾಂತಿಯ ಟೆಲೊಜೆನ್. ಮನುಷ್ಯರ ತಲೆಯಲ್ಲಿ ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರ ಮಾರ್ಪಡುತ್ತದೆ, ಸುಮಾರು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಗುಳಿಯಿಂದ ಹೊಸದು ಹುಟ್ಟುತ್ತದೆ.

ನಾವು ಗುಮಾಸ್ತರು, ಲೆಕ್ಕ ಹಾಕದೆ ನಮಗೆ ಸಮಾಧಾನವಿಲ್ಲ. ತಲೆಯಲ್ಲಿ ಸುಮಾರು 1,00,000 ಕೂದಲು. ಅದರಲ್ಲಿ ನೂರಕ್ಕೆ ಹತ್ತು ವಿಶ್ರಾಂತಿಯಲ್ಲಿದ್ದರೆ 10,000. ವಿಶ್ರಾಂತಿಯ ಅವಧಿ 100 ದಿನ. ಅಲ್ಲಿಗೆ ಆರೋಗ್ಯವಂತರಿಗೂ ದಿನಕ್ಕೆ 100 ಕೂದಲು ಉದುರಲೇಬೇಕು! ಗಂಡಸರದೂ ಉದುರುತ್ತದೆ, ಗಿಡ್ಡವಾದ್ದರಿಂದ ಕಾಣುವುದಿಲ್ಲ. ಎರಡು ಅಡಿ ಉದ್ದದ ನೂರು ಎಳೆಗಳು ಸುತ್ತಿಕೊಂಡರೆ ಒಂದು ಉಂಡೆಯೇ ಆಯಿತು. ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡುವವರಿಗೆ ವಾರದ ಬಾಕಿಯೆಲ್ಲ ಒಂದೇ ದಿನ ಸಂದಾಯವಾಗುತ್ತದೆ.

ಇನ್ನು ‘ಅತಿಯಾಗಿ’ ಉದುರುವುದು ಏನು? 1960ರಲ್ಲಿ ಲಿನ್‌ಫೀಲ್ಡ್ ಎಂಬ ಅಮೆರಿಕದ ವೈದ್ಯೆ ಗರ್ಭಿಣಿಯರ ಹಾಗೂ ಬಾಣಂತಿಯರ ಕೂದಲಿನ ಬುಡಗಳನ್ನು ಪರೀಕ್ಷಿಸಿ, ಬಸುರಿನ ಕೊನೆಯ ತಿಂಗಳುಗಳಲ್ಲಿ ಬೆಳೆಯುವ ಕೂದಲಿನ ಪಾಲು ಹೆಚ್ಚುವುದನ್ನೂ, ಹೆರಿಗೆಯ ನಂತರ ವಿಶ್ರಾಂತಿಗೆ ಹೋಗುವ ಪಾಲು ಏರುವುದನ್ನೂ ತೋರಿಸಿದರು. ಮರುವರ್ಷ, 1961ರಲ್ಲಿ, ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್ಮನ್ ಇದಕ್ಕೆ ‘ಟೆಲೊಜೆನ್ ಎಫ್ಲುವಿಯಂ’ ಎಂಬ ಹೆಸರಿಟ್ಟ. (ಸೆರೆಮನೆಯ ಕೈದಿಗಳ ಮೇಲೆ ನಡೆಸಿದ ಪ್ರಯೋಗಗಳಿಗಾಗಿ ಮುಂದೆ ಅಪಕೀರ್ತಿ ಹೊತ್ತವನೂ ಈತನೇ ಎಂಬುದನ್ನು ಮರೆಯಬಾರದು.) ಹೆರಿಗೆ, ತೀವ್ರ ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ಉಪವಾಸ, ಅತಿಯಾದ ದುಃಖ, ಪೆಟ್ಟು ಯಾವುದಾದರೂ ಸರಿ, ಬೆಳೆಯುತ್ತಿದ್ದ ಕೂದಲುಗಳಲ್ಲಿ ಹಲವು ಒಟ್ಟಿಗೆ ವಿಶ್ರಾಂತಿಗೆ ಹೋಗಿಬಿಡುತ್ತವೆ. ನೂರಕ್ಕೆ ಹತ್ತರ ಬದಲು ಮೂವತ್ತು ಹೋದರೆ, ದಿನಕ್ಕೆ ಉದುರುವುದು ನೂರಲ್ಲ, ಮುನ್ನೂರು. ಆದರೆ ಅವು ಉದುರುವುದು ಆ ದಿನವಲ್ಲ. ಎರಡು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುತ್ತದೆ.

ಇಲ್ಲಿಯೇ ನಮ್ಮ ನೀರಿನ ಗುಟ್ಟು ಒಡೆಯುವುದು. ನಮ್ಮಂಥ ಹೊರನಾಡ ಕುಟುಂಬಗಳ ಹೆಣ್ಣುಮಕ್ಕಳು ಹೆರಿಗೆಗೆಂದು ತವರಿಗೆ ಹೋಗುತ್ತಾರೆ. ಮೂರು ತಿಂಗಳು ಬಾಣಂತನ. ಕಷಾಯ, ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಎಲ್ಲ ಉಪಚಾರ ಮುಗಿಸಿ, ಮಗುವನ್ನೆತ್ತಿಕೊಂಡು ರೈಲು ಹತ್ತಿ ದೆಹಲಿಗೋ ಮುಂಬಯಿಗೋ ಬಂದಿಳಿಯುವ ಹೊತ್ತಿಗೆ ಸರಿಯಾಗಿ ಆ ಗಡುವು ಮುಗಿದಿರುತ್ತದೆ. ಕೂದಲು ಉದುರತೊಡಗುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗುತ್ತದೆ. ತವರಿನ ನೀರಿಗೆ ಹೊಗಳಿಕೆ, ಇಲ್ಲಿನ ನೀರಿಗೆ ಬೈಗುಳ! ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಸೋಪಿನೊಡನೆ ಸೇರಿ ಜಿಗುಟಾದ ಕಲ್ಮಶ ಕಟ್ಟುತ್ತದೆ, ಎಳೆ ತುಂಡಾಗಲೂಬಹುದು, ನಿಜ. ಆದರೆ ಉದುರಿದ ಕೂದಲಿನ ತುದಿಯಲ್ಲಿ ಬಿಳಿಯ ಸಣ್ಣ ಗುಬುಟು ಕಂಡರೆ ಅದು ತುಂಡಾದದ್ದಲ್ಲ, ವಿಶ್ರಾಂತಿ ಮುಗಿಸಿ ಬಂದದ್ದು. ಅದನ್ನು ಕಂಡು ‘ಬೇರೇ ಕಿತ್ತುಬಂತು’ ಎಂದು ಅನೇಕರು ಹೆದರುತ್ತಾರೆ. ಬೇರು ಒಳಗೇ ಇರುತ್ತದೆ.

ನಮ್ಮ ಮನೆಯಲ್ಲೇ ನಡೆದದ್ದು ಹೀಗೆ. ಮೊದಲ ಮಗುವಾಗಿ ಶಿವಮೊಗ್ಗದಿಂದ ಬಂದ ತಿಂಗಳೊಪ್ಪತ್ತಿನಲ್ಲಿ ನಮ್ಮ ಮನೆಯವರ ಕೂದಲು ಉದುರಲಾರಂಭಿಸಿತು. ಯಾರೋ ಹೇಳಿದ ಎಣ್ಣೆ ತಂದೆವು. ಆರು ತಿಂಗಳಲ್ಲಿ ಹಣೆಯ ಮೇಲೆ ಪುಟ್ಟ ಪುಟ್ಟ ಹೊಸ ಕೂದಲು ನಿಂತಿತು. ಎಣ್ಣೆಗೆ ಜಯಕಾರ! ನಾಲ್ಕು ಮನೆಗೆ ಅದನ್ನು ಶಿಫಾರಸು ಮಾಡಿದವರೂ ನಾವೇ. ಈ ಕೂದಲು ಬಹುಮಟ್ಟಿಗೆ ಆರರಿಂದ ಹನ್ನೆರಡು ತಿಂಗಳಲ್ಲಿ ತಾನಾಗಿಯೇ ಬರುವಂಥದ್ದೆಂದು ಆಗ ತಿಳಿದಿರಲಿಲ್ಲ. ರಾಜಮಾತೆ ಶೇಷಳ ಕತ್ತೆಗೊರಸಿನಿಂದ ಹಿಡಿದು ಸದರ್ಲೆಂಡ್ ಸೋದರಿಯರ ಬಾಟಲಿಯವರೆಗೆ ಮದ್ದುಗಳು ಹೆಸರು ಉಳಿಸಿಕೊಂಡದ್ದು ಹೀಗೆಯೇ ಇರಬೇಕು. ಭೃಂಗರಾಜ, ನೆಲ್ಲಿ, ದಾಸವಾಳಗಳ ಎಣ್ಣೆಯನ್ನು ಹಚ್ಚಬೇಡಿರೆಂದು ನಾವು ಹೇಳುತ್ತಿಲ್ಲ; ಎಣ್ಣೆ ಕೂದಲನ್ನು ನಯವಾಗಿಡುತ್ತದೆ, ತಲೆಗೆ ಹಾಯೆನಿಸುತ್ತದೆ. ಆದರೆ ನಮ್ಮ ಸರ್ಕಾರದ 1945ರ ಔಷಧ ನಿಯಮಾವಳಿಯ ‘ಜೆ’ ಅನುಸೂಚಿಯಲ್ಲಿ, ಗುಣಪಡಿಸುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳಬಾರದ ರೋಗಗಳ ನಡುವೆ, ಬೋಳುತಲೆ ಮತ್ತು ಹೊಸ ಕೂದಲು ಬೆಳೆಯುವಿಕೆಗಳೂ ಸೇರಿವೆ ಎಂಬುದನ್ನು ನೆನಪಿಡುವುದು ಲೇಸು.

ಹಾಗಾದರೆ ಸುಮ್ಮನೆ ಕಾಯುವುದೇ ಮದ್ದೋ? ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹಾಸನದಿಂದ ಅಣ್ಣನ ಸಂಸಾರ ಇಲ್ಲಿಗೆ ಬಂದ ಮೇಲೆ ಅತ್ತಿಗೆಯ ಕೂದಲು ಉದುರುತ್ತಲೇ ಹೋಯಿತು. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು. “ನೀರು ಬದಲಾಯಿತಲ್ಲ ಅತ್ತಿಗೆ, ಸರಿಹೋಗುತ್ತೆ ಬಿಡಿ” ಎಂದವರು ನಾವೇ. ಒಂದೂವರೆ ವರ್ಷ ಎಣ್ಣೆಗಳಲ್ಲಿ ಕಳೆಯಿತು. ಕೊನೆಗೆ ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ತಿಂಗಳ ಸ್ರಾವ ಮಿತಿಮೀರಿ ಹೋಗುತ್ತಿದ್ದುದನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾವು ಯಾರೂ ಕೇಳಿರಲೂ ಇಲ್ಲ. ಕೂದಲು ಒಂದೂವರೆ ವರ್ಷದಿಂದ ಹೇಳುತ್ತಲೇ ಇತ್ತು. ನಾವು ನಲ್ಲಿಯನ್ನು ಬೈಯುತ್ತ ಕುಳಿತಿದ್ದೆವು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಆದ್ದರಿಂದ ಕೂದಲು ಆರು ತಿಂಗಳು ಮೀರಿ ಉದುರುತ್ತಿದ್ದರೆ, ಅಥವಾ ಜೊತೆಗೆ ಸುಸ್ತು, ಅತಿಸ್ರಾವ, ತೂಕದ ಏರಿಳಿತಗಳಿದ್ದರೆ, ಎಣ್ಣೆಯಂಗಡಿಗೆ ಹೋಗುವ ಮೊದಲು ವೈದ್ಯರಲ್ಲಿಗೆ ಹೋಗಿ ರಕ್ತದ, ಕಬ್ಬಿಣದ, ಥೈರಾಯ್ಡಿನ ಪರೀಕ್ಷೆ ಮಾಡಿಸಬೇಕು. ಬೈತಲೆ ಅಗಲವಾಗುತ್ತ ಹೋದರೆ ಅದು ಲುಡ್ವಿಗ್ ಹೇಳಿದ ಬಗೆ ಇರಬಹುದು. ಅದು ಕಾದರೆ ಮರಳುವಂಥದ್ದಲ್ಲ. ಅದಕ್ಕೆ ಬಳಸುವ ಮಿನಾಕ್ಸಿಡಿಲ್ ಎಂಬ ಔಷಧ ರಕ್ತದ ಒತ್ತಡದ ಮಾತ್ರೆಯಾಗಿ 1979ರಲ್ಲಿ ಅಮೆರಿಕದಲ್ಲಿ ಮಂಜೂರಾಗಿತ್ತು. ನುಂಗಿದವರಿಗೆ ಮೈಮೇಲೆ ಕೂದಲು ಬಂದದ್ದನ್ನು ಕಂಡು ಅದನ್ನು ತಲೆಗೆ ಹಚ್ಚುವ ದ್ರವವಾಗಿಸಿದರು. ಗಂಡಸರಿಗೆ 1988ರಲ್ಲಿ, ಹೆಂಗಸರಿಗೆ 1991ರಲ್ಲಿ ಅನುಮತಿ ದೊರೆಯಿತು. ಇಲ್ಲಿಯೂ ಹೆಂಗಸರ ಸರದಿ ಮೂರು ವರ್ಷ ಹಿಂದೆ!

2020–21ರ ಕೊರೋನಾ ಜ್ವರದಿಂದ ಎದ್ದ ಅನೇಕರಿಗೆ ಎರಡು ಮೂರು ತಿಂಗಳ ಮೇಲೆ ರಾಶಿರಾಶಿ ಕೂದಲು ಉದುರಿದಾಗ ಲೋಕವೆಲ್ಲ ಬೆಚ್ಚಿಬಿತ್ತು. 1961ರ ಲೆಕ್ಕ ಬಲ್ಲವರು ಬೆಚ್ಚಲಿಲ್ಲ.

ಬರೆಯುತ್ತ ಬರೆಯುತ್ತ ನಮ್ಮ ಅಜ್ಜಿಯ ಮಾತೊಂದು ನೆನಪಿಗೆ ಬರುತ್ತದೆ. ಬಾಣಂತಿಯರು ಕೂದಲು ಉದುರುತ್ತದೆಂದು ಅತ್ತರೆ ಅವರು, “ಕೂಸು ಅಮ್ಮನ ಮುಖ ನೋಡಿ ನಗೋಕ್ಕೆ ಶುರು ಮಾಡಿದಾಗ ಅಮ್ಮನ ಕೂದಲು ಉದುರುತ್ತೆ ಕಣೆ. ಅದಕ್ಕೆ ಹಲ್ಲು ಬರೋ ಹೊತ್ತಿಗೆ ನಿನಗೂ ಬರುತ್ತೆ” ಎನ್ನುತ್ತಿದ್ದರು. ಬಿ.ಎಸ್ಸಿ. ಓದುವ ಗರ್ವದಲ್ಲಿ ನಾವು ನಕ್ಕಿದ್ದೆವು. ಈಗ ಲೆಕ್ಕ ಹಾಕಿ ನೋಡಿದರೆ, ಕೂಸು ಮುಖ ನೋಡಿ ನಗುವುದು ಎರಡು ಮೂರು ತಿಂಗಳಿಗೆ. ಹಲ್ಲು ಬರತೊಡಗುವುದು ಸುಮಾರು ಆರು ತಿಂಗಳ ಮೇಲೆ. ಕೂಸಿನ ನಗೆ ಕಾರಣವಲ್ಲ, ನಿಜ. ಆದರೆ ಗಡುವು ಎರಡೂ ಸರಿ. ವಿದೇಹನೂ ಅರಿಸ್ಟಾಟಲನೂ ಇಲ್ಲವೆಂದದ್ದನ್ನು, ಬಚ್ಚಲಿನಲ್ಲಿ ಬಾಣಂತಿಯರಿಗೆ ನೀರೆರೆದ ಕೈಗಳು ತಿಂಗಳ ಲೆಕ್ಕ ಸಮೇತ ತಿಳಿದಿದ್ದವು.