ಮಗುವನ್ನು ಎತ್ತಿದವನ ಕಥೆ

ಕೊಳವೆ ಬಾವಿಗೆ ಮಗು ಬಿತ್ತು ಅಂತ ಸುದ್ದಿ ಬಂದರೆ ಸಾಕು, ನಾವೆಲ್ಲ ಟೀವಿ ಮುಂದೆ ಕೂತುಬಿಡುತ್ತೇವೆ. 2006ರಲ್ಲಿ ಹರಿಯಾಣದ ಪ್ರಿನ್ಸ್ ಎಂಬ ಹುಡುಗ ಹೊರಬಂದಾಗ ಇಡೀ ದೇಶವೇ ಚಪ್ಪಾಳೆ ತಟ್ಟಿತ್ತು. ಮಗು ಮೇಲೆ ಬಂತು, ನಮ್ಮ ಮಟ್ಟಿಗೆ ಕಥೆ ಮುಗಿಯಿತು. ಎತ್ತಿದವರು ಆಮೇಲೆ ಏನಾದರು? ಈ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ಸಿಕ್ಕ ಚರಿತ್ರೆ ಇದು. ಸ್ವಲ್ಪ ಭಾರವಾದ ವಿಷಯ, ಆದರೂ ಓದಿ.

1987ರ ಅಕ್ಟೋಬರ್ 14. ಅಮೆರಿಕದ ಟೆಕ್ಸಾಸ್ ರಾಜ್ಯದ ಮಿಡ್‌ಲ್ಯಾಂಡ್ ಊರು. ಒಂದೂವರೆ ವರ್ಷದ ಜೆಸಿಕಾ ಸಂಬಂಧಿಕರ ಮನೆಯ ಹಿತ್ತಲಲ್ಲಿದ್ದ ಹಳೇ ಬಾವಿಯ ಕೊಳವೆಯೊಳಗೆ ಜಾರಿದಳು. ಸುಮಾರು 22 ಅಡಿ ಆಳ, ಕೊಳವೆಯ ಅಗಲ ಬರೀ 8 ಅಂಗುಲ. ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿ, ಅಲ್ಲಿಂದ ಬಂಡೆ ಕೊರೆದು ಅಡ್ಡ ಸುರಂಗ ಮಾಡಿದರು. ಕೊನೆಗೆ ಆ ಇಕ್ಕಟ್ಟಿನಲ್ಲಿ ನುಸುಳಿ ಮಗುವನ್ನು ಬಿಡಿಸಿದವನು ಅಗ್ನಿಶಾಮಕ ದಳದ ಪ್ಯಾರಾಮೆಡಿಕ್ ರಾಬರ್ಟ್ ಓಡಾನೆಲ್. ಅಷ್ಟರಲ್ಲಿ 58 ಗಂಟೆ ಕಳೆದಿತ್ತು. ಸಿಎನ್ಎನ್ ಇದನ್ನು ನೇರ ಪ್ರಸಾರ ಮಾಡಿತ್ತು.

ರಾತ್ರೋರಾತ್ರಿ ಆತ ಹೀರೋ ಆದ. ಸನ್ಮಾನ, ಸಂದರ್ಶನ, 1989ರಲ್ಲಿ ಟೀವಿ ಸಿನಿಮಾ. ಆಮೇಲೆ ಜನ ಮರೆತರು. ತಲೆನೋವು, ನೋವಿನ ಮಾತ್ರೆಗಳ ಚಟ, ವಿಚ್ಛೇದನ, ಕೆಲಸವೂ ಹೋಯಿತು. 1995ರ ಏಪ್ರಿಲ್ 19ರಂದು ಒಕ್ಲಹೋಮ ಸಿಟಿಯಲ್ಲಿ ಬಾಂಬ್ ಸಿಡಿದು 168 ಜನ ಸತ್ತರು. ಅಲ್ಲಿನ ರಕ್ಷಣಾ ಸಿಬ್ಬಂದಿಯನ್ನು ಟೀವಿಯಲ್ಲಿ ನೋಡಿದ ಓಡಾನೆಲ್, ಇವರಿಗೆಲ್ಲ ಮುಂದೆ ಸಹಾಯ ಬೇಕಾಗುತ್ತೆ, ಅದೂ ದಿನಗಟ್ಟಲೆ ಅಲ್ಲ, ವರ್ಷಗಟ್ಟಲೆ ಅಂತ ತಾಯಿಗೆ ಹೇಳಿದನಂತೆ. ಅದಾಗಿ ವಾರ ತುಂಬುವ ಮೊದಲೇ ಆತ ಆತ್ಮಹತ್ಯೆ ಮಾಡಿಕೊಂಡ. 37 ವರ್ಷ. ಆತ್ಮಹತ್ಯೆಗೆ ಒಂದೇ ಒಂದು ಕಾರಣ ಅಂತ ಇರುವುದಿಲ್ಲ, ಎಲ್ಲವನ್ನೂ ಆ ಬಾವಿಯ ಮೇಲೆ ಹಾಕುವುದು ತಪ್ಪಾಗುತ್ತೆ. ಆದರೆ ಆತ ಹೇಳಿದ ಮಾತು ಮಾತ್ರ ನೂರಕ್ಕೆ ನೂರು ನಿಜ.

ಹಾಗಂತ ಆ ಕಾಲದಲ್ಲಿ ಯಾರೂ ಏನೂ ಯೋಚಿಸಿರಲಿಲ್ಲ ಅಂತಲ್ಲ. ಮೊದಲು ಅಗ್ನಿಶಾಮಕ ಸಿಬ್ಬಂದಿಯಾಗಿದ್ದ ಜೆಫ್ರಿ ಮಿಚೆಲ್ 1983ರಲ್ಲೇ ಒಂದು ವಿಧಾನ ಪ್ರಕಟಿಸಿದ್ದರು. ದುರಂತ ಆದ ಎರಡು ಮೂರು ದಿನದೊಳಗೆ ತಂಡವನ್ನೆಲ್ಲ ಒಟ್ಟಿಗೆ ಕೂರಿಸಿ, ಕಂಡದ್ದನ್ನೂ ಅನಿಸಿದ್ದನ್ನೂ ಮಾತಾಡಿಸುವುದು. ಇದರ ಹೆಸರು 'ಡಿಬ್ರೀಫಿಂಗ್'. ಜಗತ್ತಿನ ಹಲವೆಡೆ ಇದು ಹಬ್ಬಿತು.

ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲೂ ಇಂಥದ್ದೇ ಇದೆಯಲ್ಲ! ರಾತ್ರಿ ಸರ್ವರ್ ಬಿದ್ದರೆ ಬೆಳಿಗ್ಗೆ ಒಂದು ಮೀಟಿಂಗು, ಒಂದು ರಿಪೋರ್ಟು, ಟಿಕೆಟ್ ಕ್ಲೋಸ್. ಆದರೆ ಮನಸ್ಸಿನ ಟಿಕೆಟ್ ಹಾಗೆ ಕ್ಲೋಸ್ ಆಗುವುದಿಲ್ಲ. ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಮೀಕ್ಷೆ 2002ರಲ್ಲಿ ಹೇಳಿದ್ದು ಇದನ್ನೇ: ಒಂದೇ ಸಲದ ಡಿಬ್ರೀಫಿಂಗ್‌ನಿಂದ ಆಘಾತದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು. ಆ ಅಧ್ಯಯನಗಳು ನಡೆದದ್ದು ರಕ್ಷಣಾ ತಂಡಗಳ ಮೇಲಲ್ಲ, ಒಬ್ಬೊಬ್ಬ ಗಾಯಾಳುಗಳ ಮೇಲೆ ಅಂತ ಮಿಚೆಲ್ ಕಡೆಯವರು ವಾದಿಸಿದರು. ಅದರಲ್ಲೂ ಹುರುಳಿದೆ. ಆದರೂ 2005ರಲ್ಲಿ ಬ್ರಿಟನ್ನಿನ 'ನೈಸ್' ಸಂಸ್ಥೆ ಇದನ್ನು ಮಾಮೂಲಿಯಾಗಿ ಎಲ್ಲರಿಗೂ ಮಾಡಬೇಡಿ ಅಂದಿತು.

ಮತ್ತೆ ದಾರಿ ಏನು? 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ರಾಯಲ್ ಮರೀನ್ಸ್ ಪಡೆಯಲ್ಲಿ 'ಟ್ರಿಮ್' ಎಂಬ ಪದ್ಧತಿ ಬಂತು. ಇಲ್ಲಿ ಹೊರಗಿನ ಡಾಕ್ಟರ್ ಬಂದು ಭಾಷಣ ಮಾಡುವುದಿಲ್ಲ. ತರಬೇತಿ ಪಡೆದ ಸಹೋದ್ಯೋಗಿಯೇ ಮೂರು ದಿನದ ನಂತರ ಒಮ್ಮೆ, ತಿಂಗಳ ನಂತರ ಇನ್ನೊಮ್ಮೆ ಮಾತಾಡಿಸುತ್ತಾನೆ. ಸುಧಾರಿಸದಿದ್ದರೆ ಚಿಕಿತ್ಸೆಗೆ ಕಳಿಸುತ್ತಾನೆ. ಮುಂದೆ ಪೊಲೀಸ್, ಆಂಬುಲೆನ್ಸ್ ಸೇವೆಗಳೂ ಇದನ್ನು ತೆಗೆದುಕೊಂಡವು.

ಅಮೆರಿಕದಲ್ಲಿ ರುಡರ್‌ಮನ್ ಪ್ರತಿಷ್ಠಾನ 2018ರಲ್ಲಿ ಕೊಟ್ಟ ಲೆಕ್ಕ ನೋಡಿ: 2017ರಲ್ಲಿ ಕರ್ತವ್ಯದಲ್ಲಿದ್ದಾಗ ಸತ್ತ ಅಗ್ನಿಶಾಮಕ ಸಿಬ್ಬಂದಿ 93, ಆತ್ಮಹತ್ಯೆಯಿಂದ ಸತ್ತವರು ಕಡಿಮೆಯೆಂದರೂ 103. ಪೊಲೀಸರಲ್ಲಿ 129 ಮತ್ತು 140. ಬೆಂಕಿಗಿಂತ, ಗುಂಡಿಗಿಂತ ಇದೇ ಹೆಚ್ಚು! ಕೆಲಸದಲ್ಲಿ ಕಂಡ ಆಘಾತದಿಂದಾದ ಇಂಥ ಸಾವನ್ನೂ ಕರ್ತವ್ಯದ ಸಾವೆಂದು ಪರಿಗಣಿಸಿ ಕುಟುಂಬಕ್ಕೆ ನೆರವು ಕೊಡುವ ಕಾನೂನು ಅಲ್ಲಿ ಬಂದದ್ದು 2022ರ ಆಗಸ್ಟಿನಲ್ಲಿ. ಓಡಾನೆಲ್ ಸತ್ತು 27 ವರ್ಷವಾದ ಮೇಲೆ.

ನಮ್ಮಲ್ಲಿಗೆ ಬರೋಣ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಮಗುವನ್ನು ಸುಮಾರು 20 ಗಂಟೆಯಲ್ಲಿ ಜೀವಂತ ಎತ್ತಿದರು. ಮಿಡ್‌ಲ್ಯಾಂಡಿನಂತೆ ಇಲ್ಲೂ ಪಕ್ಕದಲ್ಲೇ ಗುಂಡಿ ತೋಡಿದ್ದರು. ಆದರೆ 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಎರಡು ದಿನಕ್ಕೂ ಹೆಚ್ಚು ಹೆಣಗಿದರೂ ಹೆಣ್ಣುಮಗು ಉಳಿಯಲಿಲ್ಲ. ಗೆದ್ದವರಿಗೆ ಹಾರ ಹಾಕುತ್ತೇವೆ. ಸೋತು ಮನೆಗೆ ಹೋದವರನ್ನು ಯಾರು ಮಾತಾಡಿಸುತ್ತಾರೆ?

2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ, ಅದಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸೇ ಮುಖ್ಯ ಕೇಂದ್ರ. 14416ಕ್ಕೆ ಯಾವ ಹೊತ್ತಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಮನೆಯಲ್ಲೋ ಬಳಗದಲ್ಲೋ ಪೊಲೀಸ್, ಅಗ್ನಿಶಾಮಕ, 108ರ ಸಿಬ್ಬಂದಿ ಇದ್ದರೆ ನಂಬರ್ ಕೊಡಿ. ಅದಕ್ಕಿಂತ ಮೊದಲು "ಹೇಗಿದ್ದೀರಿ?" ಅಂತ ಕೇಳಿ. ಒಂದು ತಿಂಗಳು ಬಿಟ್ಟು ಮತ್ತೆ ಕೇಳಿ. ಆ ಎರಡನೇ ಸಲ ಕೇಳುವುದನ್ನೇ ನಾವೆಲ್ಲ ಮರೆಯುವುದು.