ಹೋರ್ಯೂಜಿಯ ಬಡಗಿಗಳು

ಕಲ್ಲಿನಲ್ಲಿ ಕಟ್ಟಿದ್ದು ನಿಲ್ಲುತ್ತದೆ, ಮರದಲ್ಲಿ ಕಟ್ಟಿದ್ದು ಅಳಿಯುತ್ತದೆ ಎಂಬುದು ಚಾಲುಕ್ಯ ಹೊಯ್ಸಳರ ದೇಗುಲಗಳನ್ನು ನೋಡುತ್ತ ಬೆಳೆದ ನಮ್ಮಲ್ಲಿ ತಾನಾಗಿಯೇ ಬೇರೂರಿರುವ ಭಾವನೆ. ಈ ಭಾವನೆಯನ್ನು ಅಲುಗಿಸುವ ನಿದರ್ಶನವೊಂದು ಜಪಾನಿನ ನಾರಾ ಪ್ರಾಂತದಲ್ಲಿದೆ. ಅಲ್ಲಿನ ಹೋರ್ಯೂಜಿ ಎಂಬ ಬೌದ್ಧ ವಿಹಾರವನ್ನು ರಾಜಕುಮಾರ ಶೋತೋಕು ಕ್ರಿ.ಶ. 607ರಲ್ಲಿ ಸ್ಥಾಪಿಸಿದನೆಂದು ಪ್ರತೀತಿ. 670ರಲ್ಲಿ ಅದು ಬೆಂಕಿಗೆ ಆಹುತಿಯಾಯಿತೆಂದು ಅಲ್ಲಿನ ಪ್ರಾಚೀನ ಚರಿತ್ರೆಗ್ರಂಥ ಹೇಳುತ್ತದೆ. ಆ ಬಳಿಕ ಮರಳಿ ಕಟ್ಟಿದ ಐದಂತಸ್ತಿನ ಗೋಪುರ ಹಾಗೂ ಸುವರ್ಣಮಂದಿರಗಳು ಇಂದಿಗೂ ನಿಂತಿವೆ. ಜಗತ್ತಿನಲ್ಲಿ ಉಳಿದಿರುವ ಮರದ ಕಟ್ಟಡಗಳಲ್ಲಿ ಇವೇ ಅತ್ಯಂತ ಹಳೆಯವೆಂದು ವಿದ್ವಾಂಸರ ಮತ. ಸುಮಾರು 32 ಮೀಟರ್ ಎತ್ತರದ ಆ ಗೋಪುರದ ನಡುಗಂಬದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ನೋಡಿದಾಗ ಆ ಮರವನ್ನು ಕಡಿದದ್ದು 594ರಲ್ಲಿ ಎಂದು ತಿಳಿದುಬಂದಿತು. ಕಟ್ಟಡಕ್ಕಿಂತ ಕಂಬವೇ ಹಳೆಯದು! ಈ ಒಗಟು ಇನ್ನೂ ಬಿಡಿಸದೆ ಉಳಿದಿದೆ, ಇರಲಿ.

ಹದಿಮೂರು ಶತಮಾನಗಳ ಕಾಲ ಮರ ತಾನಾಗಿ ಉಳಿಯಲಿಲ್ಲ, ಉಳಿಸಿದವರಿದ್ದರು. ಇವರನ್ನು ಜಪಾನೀಯರು ಮಿಯದೈಕು, ಎಂದರೆ ದೇಗುಲದ ಬಡಗಿಗಳು, ಎಂದು ಕರೆಯುತ್ತಾರೆ. ಹದಿನೇಳನೆಯ ಶತಮಾನದ ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಮತ್ತೊಮ್ಮೆ ದೊಡ್ಡ ಜೀರ್ಣೋದ್ಧಾರಗಳು ನಡೆದವು. ಇಪ್ಪತ್ತನೆಯ ಶತಮಾನದ ಕಾರ್ಯವಂತೂ 1934ರಲ್ಲಿ ಆರಂಭವಾಗಿ 1985ರಲ್ಲಿ ಮುಗಿಯಿತು. ಈ ಅರ್ಧ ಶತಮಾನದ ನಡುವೆ, 1949ರ ಜನವರಿ 26ರಂದು, ಸುವರ್ಣಮಂದಿರದ ಒಳಗೆ ಬೆಂಕಿ ಹೊತ್ತಿ ಪ್ರಾಚೀನ ಭಿತ್ತಿಚಿತ್ರಗಳು ಸುಟ್ಟು ಕರಕಾದವು. ದುರಸ್ತಿಗಾಗಿ ಮೇಲಂತಸ್ತನ್ನು ಮೊದಲೇ ಬಿಚ್ಚಿಟ್ಟಿದ್ದರಿಂದ ಆ ಭಾಗದ ಮರ ಉಳಿಯಿತು. ಮರುವರ್ಷವೇ ಆ ದೇಶದಲ್ಲಿ ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಯ ಕಾಯಿದೆ ಜಾರಿಗೆ ಬಂದಿತು.

ಈ ಕಾರ್ಯದಲ್ಲಿ ಪಳಗಿದ ಮುಖ್ಯ ಬಡಗಿ ನಿಶಿಯೋಕ ತ್ಸುನೆಕಜು. ಇವರು 1908ರಲ್ಲಿ ವಿಹಾರದ ನೆರೆಯಲ್ಲೇ, ಅದರ ಬಡಗಿಗಳ ಮನೆತನದಲ್ಲಿ ಜನಿಸಿದರು. ಗುರು ಸ್ವಂತ ಅಜ್ಜ ತ್ಸುನೆಕಿಚಿ. ಬಾಲಕನನ್ನು ಮುಂದೆ ಯಾವ ಶಾಲೆಗೆ ಸೇರಿಸಬೇಕೆಂಬ ಪ್ರಶ್ನೆ ಬಂದಾಗ ತಂದೆ ಕೈಗಾರಿಕಾ ಶಾಲೆ ಎಂದರು. ಅಜ್ಜ ಕೃಷಿ ಶಾಲೆಯೇ ಆಗಬೇಕೆಂದು ಪಟ್ಟು ಹಿಡಿದರು. ಬಡಗಿಯಾಗುವವನಿಗೆ ಗೊಬ್ಬರ ಬಿತ್ತನೆಗಳ ಪಾಠವೇಕೆ ಎಂದು ಹುಡುಗನಿಗೂ ಬೇಸರವೇ. ಅದರ ಮರ್ಮ ಮುಂದೆ ತಿಳಿಯಿತು: ಮರವನ್ನು ಅರಿಯಬೇಕಾದವನು ಮೊದಲು ಮಣ್ಣನ್ನು ಅರಿಯಬೇಕು. ಬಿಡಿ ಮರವನ್ನು ಕೊಳ್ಳದೆ ಗುಡ್ಡವನ್ನೇ ನೋಡಿ ಕೊಳ್ಳಬೇಕು. ಗುಡ್ಡದ ತೆಂಕಣ ಮಗ್ಗುಲಲ್ಲಿ ಬೆಳೆದ ಮರವನ್ನು ಕಟ್ಟಡದ ತೆಂಕಣಕ್ಕೇ ಬಳಸಬೇಕು. ಎಡಕ್ಕೆ ತಿರುಚುವ ಮರಕ್ಕೆ ಬಲಕ್ಕೆ ತಿರುಚುವ ಮರವನ್ನು ಎದುರಾಗಿಸಿ ಅವುಗಳ ಹಟವನ್ನು ಹಟದಿಂದಲೇ ಕಟ್ಟಿಹಾಕಬೇಕು. ಆ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ ಉಪದೇಶಗಳ ಸಾರ ಇಂತಹುದು.

ಹಳೆಯ ಕಟ್ಟಡವನ್ನು ಬಿಚ್ಚುವುದೇ ನಿಶಿಯೋಕರಿಗೆ ಎರಡನೆಯ ಪಾಠಶಾಲೆಯಾಯಿತು. ಗೋಪುರದ ಹೆಂಚುಗಳ ಭಾರವನ್ನು ಇಳಿಸಿದೊಡನೆ ಬಾಗಿದ್ದ ಸೂರಿನ ತೊಲೆಗಳು ಮೆಲ್ಲನೆ ಮೇಲಕ್ಕೆ ಏರತೊಡಗಿದವಂತೆ. ಸಾವಿರದ ಮುನ್ನೂರು ವರ್ಷದ ಹಿನೋಕಿ ಮರದ ಮೇಲ್ಮೈಯನ್ನು ತುಸು ಕೆತ್ತಿದರೆ ಹೊಸ ಮರದ ಪರಿಮಳವೇ ಹೊಮ್ಮುತ್ತಿತ್ತೆಂದು ಅವರು ಹೇಳುತ್ತಿದ್ದರು. ಹಿನೋಕಿ ಎಂಬುದು ಸೈಪ್ರಸ್ ಕುಲಕ್ಕೆ ಸೇರಿದ ವೃಕ್ಷ. ಪುರಾತನರ ಉಪಕರಣದ ಗುರುತುಗಳನ್ನೂ ಅವರು ಮರದ ಮೈಯಲ್ಲೇ ಓದಿದರು. ಈಟಿಯ ಮೊನೆಯಂತಿರುವ ಒಂದು ಬಗೆಯ ಕೀಸುವ ಉಳಿ, ಮರದ ಚೌಕಟ್ಟಿನ ಕೀಸುಳಿ ಬಳಕೆಗೆ ಬಂದ ಮೇಲೆ ಮೂಲೆಗುಂಪಾಗಿತ್ತು. ನಿಶಿಯೋಕರು ಅದನ್ನು ಮತ್ತೆ ಬಳಕೆಗೆ ತಂದರು. ಅದರ ಅಲಗನ್ನು ಕತ್ತಿ ಮಾಡುವ ಕಮ್ಮಾರನ ಕೈಯಲ್ಲಿ ಹೋರ್ಯೂಜಿಯ ಹಳೆಯ ಮೊಳೆಗಳ ಕಬ್ಬಿಣದಿಂದಲೇ ಮಾಡಿಸಿದರು. ಈಗಿನ ಕಬ್ಬಿಣದಲ್ಲಿ ಆ ಗುಣ ಅವರಿಗೆ ಕಾಣಲಿಲ್ಲ.

ಇಷ್ಟೆಲ್ಲ ಬಲ್ಲವರ ಬಾಳು ಸುಖದ್ದಾಗಿರಲಿಲ್ಲ. ದೇಗುಲದ ಬಡಗಿ ಸಾಮಾನ್ಯರ ಮನೆ ಕಟ್ಟಬಾರದೆಂಬುದು ಮನೆತನದ ಕಟ್ಟಳೆ. ಹಣಕ್ಕೆ ಮನಸೋತರೆ ಕೈ ಕೆಡುತ್ತದೆಂಬುದು ಅದರ ಹಿಂದಿನ ಅಂಜಿಕೆ. ವಿಹಾರದ ಕೆಲಸವಿಲ್ಲದಾಗ ಗದ್ದೆಯ ಬೆಳೆಯೇ ಗತಿ. ಯುದ್ಧಾನಂತರ ಆ ಗದ್ದೆಯನ್ನೂ ಮಾರಬೇಕಾಯಿತು. ಮಕ್ಕಳು ಈ ವೃತ್ತಿಯನ್ನು ಹಿಡಿಯಲಿಲ್ಲ. ಅವರನ್ನು ದೂರುವುದು ನ್ಯಾಯವಲ್ಲ. ಅಪ್ಪನ ಬಡತನವನ್ನು ಕಣ್ಣಾರೆ ಕಂಡವರು ಅವರು.

ಪರಂಪರೆ ಅಲ್ಲಿಗೇ ಕಡಿದುಹೋಗಬೇಕಿತ್ತು. ಉಳಿಸಿದವರು ಹೊರಗಿನಿಂದ ಬಂದರು. 1947ರಲ್ಲಿ ಜನಿಸಿದ ಒಗಾವ ಮಿತ್ಸುಓ ಶಾಲೆಯ ಪ್ರವಾಸದಲ್ಲಿ ಹೋರ್ಯೂಜಿಯ ಗೋಪುರವನ್ನು ಕಂಡು ಮರುಳಾದವರು. ಓದು ಮುಗಿಸಿ ನಿಶಿಯೋಕರ ಮನೆಬಾಗಿಲಿಗೆ ಹೋದರೆ, ಕೆಲಸವಿಲ್ಲ, ನಿನ್ನನ್ನು ಸಾಕಲಾರೆ ಎಂಬ ಉತ್ತರ. ಬೇರೆಡೆ ಉಪಕರಣ ಹಿಡಿಯುವುದನ್ನು ಕಲಿತು, ಹಲವು ವರ್ಷ ಕಾದು, 1969ರಲ್ಲಿ ಶಿಷ್ಯರಾದರು. ಮೊದಲ ಒಂದು ವರ್ಷ ಪತ್ರಿಕೆ ಓದಬಾರದು, ರೇಡಿಯೋ ಕೇಳಬಾರದು, ದೂರದರ್ಶನ ನೋಡಬಾರದು. ಅಲಗನ್ನು ಮಸೆಯುವುದೊಂದೇ ಕೆಲಸ. ಗುರು ಒಮ್ಮೆ ಕೀಸುಳಿಯಿಂದ ತೆಳ್ಳನೆಯ ಒಂದು ಹೊಪ್ಪಳಿಕೆಯನ್ನು ತೆಗೆದು, ಹೀಗಿರಬೇಕೆಂದು ಕೈಗಿತ್ತರು. ಶಿಷ್ಯ ಅದನ್ನು ಕಿಟಕಿಗೆ ಅಂಟಿಸಿಕೊಂಡು ದಿನವೂ ನೋಡುತ್ತ ಮಸೆದನು, ಕೀಸಿದನು. ಬಹುಕಾಲ ಕಪ್ಪುಹಲಗೆಯ ಮುಂದೆ ನಿಂತು ಮಾತಿನಿಂದಲೇ ಕಲಿಸಹೊರಟ ನನಗೆ ಈ ಪ್ರಸಂಗವನ್ನು ಓದಿದಾಗ ಒಂದಿಷ್ಟು ನಾಚಿಕೆಯೇ ಆಯಿತು. 1977ರಲ್ಲಿ ಒಗಾವ ಸ್ಥಾಪಿಸಿದ ಇಕರುಗ ಬಡಗಿಕೂಟದಲ್ಲಿಯೂ ಶಿಷ್ಯರು ಒಟ್ಟಿಗೆ ವಾಸಿಸುತ್ತಾರೆ. ಅಡಿಗೆ, ಕಸಗುಡಿಸುವುದು, ಮಸೆಯುವುದು ಇವುಗಳಿಂದಲೇ ಕಲಿಕೆ ಆರಂಭ. ಒಬ್ಬನು ನುರಿಯಲು ಹತ್ತು ವರ್ಷ ಬೇಕೆಂದು ಅವರ ಲೆಕ್ಕ.

ಕಬ್ಬಿಣದ ಬಗೆಗಿನ ವಾದವನ್ನು ಹೇಳದೆ ಈ ಇತಿಹಾಸ ಪೂರ್ಣವಾಗದು. 1944ರಲ್ಲಿ ಸಿಡಿಲಿಗೆ ಸುಟ್ಟ ಹೋರಿಂಜಿಯ ಮೂರಂತಸ್ತಿನ ಗೋಪುರವನ್ನು ಮರಳಿ ಕಟ್ಟುವಾಗ (ಅದು ಮುಗಿದದ್ದು 1975ರಲ್ಲಿ) ಕಬ್ಬಿಣದ ಬಲ ಕೊಡಬೇಕೆಂದು ವಿದ್ವಾಂಸರ ಪಕ್ಷ. ಸಾವಿರ ವರ್ಷ ಬಾಳುವ ಮರಕ್ಕೆ ನೂರು ವರ್ಷದ ಕಬ್ಬಿಣವನ್ನು ತೊಡಿಸಬೇಡಿರೆಂದು ನಿಶಿಯೋಕರ ಪಕ್ಷ. ಯಾಕುಶಿಜಿಯ ಸುವರ್ಣಮಂದಿರದಲ್ಲಿ (1976) ಮೂರ್ತಿಗಳ ರಕ್ಷಣೆಗೆಂದು ಒಳಗೆ ಕಾಂಕ್ರೀಟ್ ಬಂದೇಬಿಟ್ಟಿತು. ವಿದ್ವಾಂಸರ ಅಂಜಿಕೆಗೂ ಕಾರಣವಿತ್ತು. ಭೂಕಂಪ ಬೆಂಕಿಗಳ ನಾಡು ಅದು, 1949ರ ನೆನಪು ಹಸಿಯಾಗಿತ್ತು. ಆದರೂ ನನ್ನ ಒಲವು ಬಡಗಿಯ ಕಡೆಗೇ.

ಅದೇ ಯಾಕುಶಿಜಿಯ ಪಡುವಣ ಗೋಪುರವನ್ನು ನಿಶಿಯೋಕರು 1981ರಲ್ಲಿ ಮುಗಿಸಿದರು. ಅಷ್ಟು ಬಲಿತ ಹಿನೋಕಿ ಜಪಾನಿನಲ್ಲಿ ದೊರೆಯದೆ ತೈವಾನಿನಿಂದ ತರಿಸಬೇಕಾಯಿತು. ಎಂಟನೆಯ ಶತಮಾನದ ಮೂಡಣ ಗೋಪುರಕ್ಕಿಂತ ಇದನ್ನು ಅವರು ಸುಮಾರು ಒಂದು ಅಡಿಯಷ್ಟು ಎತ್ತರವಾಗಿ ಕಟ್ಟಿದರು. ಅಳತೆಯ ತಪ್ಪಲ್ಲ ಅದು. ಮರ ಒಣಗಿ, ಭಾರಕ್ಕೆ ಕುಗ್ಗಿ, ಐದುನೂರು ವರ್ಷಗಳ ಬಳಿಕ ಎರಡೂ ಸಮನಾಗುವುದೆಂದು ಅವರ ಎಣಿಕೆ. ನಿಶಿಯೋಕರು 1995ರಲ್ಲಿ ತೀರಿಕೊಂಡರು.