ಬಾಡಿಗೆಯ ಮನೆಯ ಹಾಸುಗಲ್ಲು

ಸೇಡಂ, ಚಿತ್ತಾಪುರ, ಶಹಾಬಾದ ಮೊದಲಾದ ಊರುಗಳಲ್ಲಿ ಹಳೆಯ ಮನೆಯೆಂದರೆ ಕಲ್ಲಿನ ಮನೆ. ಗೋಡೆಯೂ ಕಲ್ಲು, ನೆಲವೂ ಕಲ್ಲು. ಶಹಾಬಾದದ ಫರಸಿಯು ದೂರದೂರದ ಊರುಗಳಿಗೆ ಹೋಗುವದನ್ನು ವಾಚಕರು ಬಲ್ಲರು. ಬಾಡಿಗೆಗಿದ್ದವನು ಸ್ವಂತ ಹಣದಿಂದ ಇಂಥ ಫರಸಿಯನ್ನು ಹಾಸಿಸಿದರೆ, ಮನೆ ಬಿಡುವಾಗ ಆ ಕಲ್ಲು ಯಾರದಾಗಬೇಕು? ನಮ್ಮ ಸೀಮೆಯಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ.

ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದ ನಾಡು ನಮ್ಮದು. ಆ ಅಭಿಮಾನದಿಂದ ನಾವು ದಾಯವಿಭಾಗವನ್ನು ಕುರಿತು ಗಂಟೆಗಟ್ಟಲೆ ಚರ್ಚಿಸುವೆವು. ಬಾಡಿಗೆಯ ಮಾತನ್ನು ಮಾತ್ರ ಯಾರೂ ಎತ್ತುವದಿಲ್ಲ. ಆದರೆ ಧರ್ಮಶಾಸ್ತ್ರಕಾರರು ಅದನ್ನು ಮರೆತವರಲ್ಲ. ನಾರದಸ್ಮೃತಿಯಲ್ಲಿ ಬಾಡಿಗೆಗೆ 'ಸ್ತೋಮ'ವೆಂದು ಹೆಸರು. ಪರರ ನೆಲದಲ್ಲಿ ಮನೆ ಕಟ್ಟಿಕೊಂಡು ಸ್ತೋಮವನ್ನು ಸಲ್ಲಿಸುತ್ತ ವಾಸಿಸಿದವನು ಹೊರಡುವಾಗ ತನ್ನ ಹುಲ್ಲು, ಮರ, ಇಟ್ಟಿಗೆಗಳನ್ನು ಕೊಂಡುಹೋಗಬಹುದು; ಸ್ತೋಮವನ್ನು ಕೊಡದೆ, ಒಡೆಯನ ಮನಸ್ಸಿಗೆ ವಿರುದ್ಧವಾಗಿ ಇದ್ದವನಿಗೆ ಆ ಹಕ್ಕಿಲ್ಲ. ಬಾಡಿಗೆಯ ಸಂದಾಯವೇ ಹಕ್ಕಿಗೆ ಮೂಲವೆಂಬುದನ್ನು ಗಮನಿಸಬೇಕು.

ಕೌಟಿಲ್ಯನದು ಇನ್ನೂ ಬಿಗಿಯಾದ ತಕ್ಕಡಿ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಅರ್ಥಶಾಸ್ತ್ರದಲ್ಲಿ, ಬಿಡೆಂದರೂ ಮನೆಯಲ್ಲಿ ಕುಳಿತವನಿಗೆ 12 ಪಣ ದಂಡ. ಬಾಡಿಗೆ ಕೊಡುವವನನ್ನು ಹೊರದೂಡಿದ ಒಡೆಯನಿಗೂ ಅದೇ 12 ಪಣ. ಬೈಗುಳ, ಕಳವು, ಬಲಾತ್ಕಾರ ಮುಂತಾದ ಅಪರಾಧವಿದ್ದರೆ ಮಾತ್ರ ಹೊರದೂಡುವದು ಸಲ್ಲುವದು. ತಾನಾಗಿಯೇ ಬಿಟ್ಟು ಹೋಗುವವನು ಆ ವರ್ಷದ ಉಳಿದ ಬಾಡಿಗೆಯನ್ನು ತೆರಬೇಕು. ಈ ಕೊನೆಯ ನಿಯಮವು ನಮ್ಮಂಥ ವರ್ಗಾವಣೆಯ ನೌಕರರಿಗೆ ಹಿತವಾದುದಲ್ಲ!

ನಮ್ಮ ಕಡೆಗೆ ಬಾಡಿಗೆಯ ಮನೆಗಳು ಹೆಚ್ಚಿದ್ದು ಉಗಿಬಂಡಿ ಬಂದ ಮೇಲೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದಿತು. ಮುಂದೆ ಶಹಾಬಾದ, ವಾಡಿಗಳಲ್ಲಿ ಸಿಮೆಂಟಿನ ಕಾರಖಾನೆಗಳಾದವು. ಪರಸ್ಥಳದ ನೌಕರನಿಗೆ ಮನೆ ಬೇಕು, ಮನೆಯವನಿಗೆ ಕಾಗದ ಬೇಕು. ನಿಜಾಮರ ಕೋರ್ಟುಗಳ ಭಾಷೆ ಉರ್ದುವಾದ್ದರಿಂದ ಆ ಕಾಗದವು ಕಿರಾಯಾನಾಮೆಯಾಯಿತು. ಸಂಸ್ಥಾನವು ಭಾರತದಲ್ಲಿ ಸೇರಿದ ತರುವಾಯ ಹೈದರಾಬಾದಿನ 1954ರ ಮನೆಬಾಡಿಗೆ ನಿಯಂತ್ರಣ ಕಾಯದೆ, ಏಕೀಕರಣವಾದ ಮೇಲೆ 1961ರ ಮೈಸೂರು ಕಾಯದೆ, ಅದನ್ನು ತೆಗೆದುಹಾಕಿ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯದೆ, ಹೀಗೆ ಒಂದರ ಹಿಂದೊಂದು ಬಂದವು. ಇವುಗಳಲ್ಲಿ ವಾದವೆಲ್ಲ ಬಾಡಿಗೆ ಎಷ್ಟು, ಬಿಡಿಸುವದು ಹೇಗೆ ಎಂಬುದರ ಮೇಲೆಯೇ.

ಹಾಸುಗಲ್ಲಿಗೆ ಉತ್ತರವಿರುವದು 1882ರ ಸ್ವತ್ತು ವರ್ಗಾವಣೆಯ ಕಾಯದೆಯ 108ನೆಯ ಕಲಮಿನಲ್ಲಿ. ಬಾಡಿಗೆದಾರನು ತಾನು ನೆಲಕ್ಕೆ ಜೋಡಿಸಿದ್ದನ್ನು ತೆಗೆದುಕೊಳ್ಳಬಹುದು. ಆದರೆ ಮನೆಯು ಅವನ ಸ್ವಾಧೀನದಲ್ಲಿರುವಾಗಲೇ ತೆಗೆಯಬೇಕು, ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು. ಕರಾರಿನಲ್ಲಿ ಬೇರೆ ಮಾತಿದ್ದರೆ ಅದೇ ನಡೆಯುವದು. ಆದರೆ ಆ ಮಾತನ್ನು ಬರೆಯುವವರು ಯಾರು? ವರ್ಷಕ್ಕೆ ಮೀರಿದ ಪತ್ರವನ್ನು ನೋಂದಾಯಿಸಬೇಕಾಗುವದೆಂದು ಎಲ್ಲರೂ ಹನ್ನೊಂದು ತಿಂಗಳ ಕಾಗದವನ್ನೇ ಬರೆಯಿಸುತ್ತಾರೆ. ನಾನು ಓದಿಕೊಟ್ಟ ಇಂಥ ಹತ್ತಾರು ಕಾಗದಗಳಲ್ಲಿ ಸುಣ್ಣಬಣ್ಣದ ಸುದ್ದಿಯಿತ್ತು, ಕಲ್ಲಿನ ಸುದ್ದಿಯಿರಲಿಲ್ಲ.

ನನ್ನ ಕಾಗದದಲ್ಲಿಯೂ ಇರಲಿಲ್ಲ. ಚಿಂಚೋಳಿಯಲ್ಲಿ ನಾನಿದ್ದ ಮನೆಯ ಪಡಸಾಲೆ ಮಣ್ಣಿನದು. ತಾಯಿಯವರಿಗೆ ಕೀಲುನೋವು, ಮಳೆಗಾಲದ ತೇವದಲ್ಲಿ ಅವರು ಪಡುವ ಪಾಡನ್ನು ನೋಡಲಾರದೆ ಎರಡು ತಿಂಗಳ ಸಂಬಳವನ್ನು ಕೂಡಿಹಾಕಿ ಶಹಾಬಾದದಿಂದ ಫರಸಿಯನ್ನು ತರಿಸಿ ಹಾಸಿಸಿದೆನು. 1988ರಲ್ಲಿ ಸೇಡಮ್ಮಿಗೆ ವರ್ಗವಾಯಿತು. ಮಧ್ಯಾಹ್ನ ಬೀಗದ ಕೈಯನ್ನು ಮನೆಯ ಒಡೆಯರಿಗೆ ಒಪ್ಪಿಸಿ, ಸಂಜೆಗೆ ಗಾಡಿಯನ್ನು ತೆಗೆದುಕೊಂಡು ಕಲ್ಲಿಗಾಗಿ ಹೋದೆನು. "ಗುರುಗಳೇ, ಕೀಲಿಕೈ ಕೊಟ್ಟಾಯಿತಲ್ಲ" ಎಂದರು ಅವರು, ನಗುತ್ತಲೇ. ನಾನು ನಾರದನ ಶ್ಲೋಕವನ್ನು ಹೇಳಿದೆನು. ಅವರು ಚಹ ತರಿಸಿದರು. ಕಾಯದೆಯ ಕಲಮನ್ನು ಓದಿದ್ದು ಎಷ್ಟೋ ವರ್ಷಗಳ ಮೇಲೆ: ಬೀಗದ ಕೈಯ ಮಾತಿನಲ್ಲಿ ಅವರು ಸರಿಯಾಗಿಯೇ ಇದ್ದರು. ಗಾಡಿಯು ಬರಿದಾಗಿ ತಿರುಗಿತು. ಸೇಡಮ್ಮಿನ ಹೊಸ ಮನೆಯಲ್ಲಿ ತಾಯಿಯವರು ಮತ್ತೆ ಮಣ್ಣಿನ ನೆಲದ ಮೇಲೆಯೇ ಚಾಪೆ ಹಾಸಿಕೊಂಡರು.